ಸರಕು ಕುಗ್ಗಿದರೆ ಬಾಡಿಗೆಯೂ ಕುಗ್ಗುವುದೇ?

ಮುಂಗಾರಿನ ಈರುಳ್ಳಿ ಕೀಳುವ ಕಾಲಕ್ಕೆ ಹಿರಿಯೂರು, ಚಿತ್ರದುರ್ಗ, ಹೊಸದುರ್ಗದ ಕಡೆ ಹೊಲದ ಬದಿಗೇ ಲಾರಿಗಳು ಬಂದು ನಿಲ್ಲುತ್ತವೆ. ಚೀಲಕ್ಕೆ ಇಷ್ಟು ಎಂದು ಬಾಡಿಗೆ ಮಾತಾಗುತ್ತದೆ. ಮಾತಾಗುವುದು ಬಾಯಲ್ಲಿ, ಬರೆದುಕೊಳ್ಳುವವರು ಕಡಿಮೆ. ಸಂಜೆ ಹೊತ್ತಿಗೆ ಲೋಡು ತುಂಬಿ, ಟಾರ್ಪಾಲು ಬಿಗಿದು, ಲಾರಿ ಹೆದ್ದಾರಿ ಹಿಡಿದರೆ ಬೆಳಗಿನ ಹರಾಜಿಗೆ ಬೆಂಗಳೂರು ಮುಟ್ಟಬೇಕು. ದಾರಿಯಲ್ಲಿ ಮಳೆ ಹಿಡಿದರೆ, ಟೈರು ಸಿಡಿದರೆ, ಮಂಡಿಯ ಬಾಗಿಲಲ್ಲಿ ಲಾರಿಗಳ ಸಾಲು ನಿಂತರೆ, ಚೀಲದೊಳಗಿನ ಈರುಳ್ಳಿ ಬೆವರಲು ಶುರುವಾಗುತ್ತದೆ. ಇಳಿಸುವಾಗ ಕೆಲವು ಚೀಲಗಳ ತಳ ಒದ್ದೆಯಾಗಿರುತ್ತದೆ. ಅಷ್ಟರಲ್ಲಿ ಬೆಲೆಯೂ ಇಳಿದಿದ್ದರೆ ಜಗಳಕ್ಕೆ ಬೇರೆ ಕಾರಣವೇ ಬೇಡ.

"ಮಾರಿದ ದುಡ್ಡು ಬಾಡಿಗೆಗೇ ಸಾಲ್ದಿದ್ರೆ ನಾನೇನ್ ತಗಂಡು ಊರಿಗೆ ಹೋಗ್ಲಪ್ಪ?" ಎಂದು ರೈತ ಕೇಳುತ್ತಾನೆ. "ಗೌಡ್ರೇ, ಈರುಳ್ಳಿ ಕೊಳೀತು ಅಂತ ಡೀಸೆಲ್ ದುಡ್ಡು ವಾಪಸ್ ಬರ್ತೈತಾ?" ಎಂದು ಡ್ರೈವರ್ ಕೇಳುತ್ತಾನೆ. ಇಬ್ಬರ ಮಾತಿನಲ್ಲೂ ಸುಳ್ಳಿಲ್ಲ. ಒಬ್ಬನಿಗೆ ಮಗಳ ಕಾಲೇಜಿನ ಶುಲ್ಕ ಈ ಲೋಡಿನಿಂದಲೇ ಬರಬೇಕು. ಇನ್ನೊಬ್ಬನಿಗೆ ಲಾರಿಯ ಸಾಲದ ಕಂತು. ಹಾಗಾದರೆ ನ್ಯಾಯ ಯಾವುದು?

ಈ ಪ್ರಶ್ನೆ ನಮ್ಮ ಹೆದ್ದಾರಿಯಲ್ಲಿ ಹುಟ್ಟಿದ್ದಲ್ಲ. ನಾನೂರು ವರ್ಷಗಳ ಹಿಂದೆ ಮೆಡಿಟರೇನಿಯನ್ ಸಮುದ್ರದಲ್ಲಿ ಓಡಾಡುತ್ತಿದ್ದ ಇಂಗ್ಲಿಷ್ ವ್ಯಾಪಾರಿ ಹಡಗುಗಳ ಕಪ್ತಾನರೂ ವರ್ತಕರೂ ಇದನ್ನೇ ಹಿಡಿದು ಬಂದರು ಬಂದರುಗಳ ನ್ಯಾಯಸ್ಥಾನಗಳ ಮೆಟ್ಟಿಲು ಹತ್ತಿದ್ದರು. ಆ ಸಮುದ್ರದ ಜನರು ಕಂಡುಕೊಂಡ ಉತ್ತರಗಳಲ್ಲಿ ಕೆಲವು ಹಿರಿಯೂರಿನ ಈರುಳ್ಳಿಗೂ ಭೀಮಸಮುದ್ರದ ಅದಿರಿಗೂ ಹೊಂದುತ್ತವೆ.

ಒಂದು ಲೆಕ್ಕ

ಮೊದಲು ಜಗಳವನ್ನು ಅಂಕಿಗಳಲ್ಲಿ ನೋಡುವುದು ಒಳ್ಳೆಯದು. ಲೆಕ್ಕಕ್ಕಾಗಿ ಹೀಗೆ ಭಾವಿಸೋಣ. 50 ಕಿಲೋ ತೂಗುವ 100 ಚೀಲ ಈರುಳ್ಳಿ ಹೊರಟಿತು. ಬಾಡಿಗೆ ಚೀಲಕ್ಕೆ 70 ರೂಪಾಯಿ, ಒಟ್ಟು 7,000 ರೂಪಾಯಿ. ಹೊರಟಾಗಿನ ತೂಕ 5,000 ಕಿಲೋ. ಅಂದರೆ ಕಿಲೋಗೆ 1 ರೂಪಾಯಿ 40 ಪೈಸೆ ಬಿತ್ತು.

ಈರುಳ್ಳಿಯ ತೂಕದಲ್ಲಿ ಹೆಚ್ಚುಕಡಿಮೆ ನೂರಕ್ಕೆ 88 ಪಾಲು ನೀರು. ಕಿತ್ತ ಮೇಲೂ ಅದು ಉಸಿರಾಡುತ್ತದೆ, ನೀರು ಬಿಡುತ್ತದೆ. ಹೊಲದಲ್ಲಿ ಸರಿಯಾಗಿ ಒಣಗಿಸದೆ ಚೀಲಕ್ಕೆ ತುಂಬಿದ್ದರೆ ದಾರಿಯಲ್ಲಿ ಕಳೆದುಕೊಳ್ಳುವುದು ಇನ್ನೂ ಹೆಚ್ಚು. ಇಳಿಸುವಾಗ ಚೀಲ 48 ಕಿಲೋ ತೂಗಿತು ಎನ್ನೋಣ. ಒಟ್ಟು 4,800 ಕಿಲೋ. ಅದರಲ್ಲಿ 10 ಚೀಲ ಕೊಳೆತು ಮಾರಲು ಬಾರದಂತಾಯಿತು. ಒಳ್ಳೆಯ ಮಾಲು 4,320 ಕಿಲೋ.

ಈಗ ಬಾಡಿಗೆ ಎಷ್ಟು? ಚೀಲದ ಲೆಕ್ಕವಾದರೆ 7,000 ರೂಪಾಯಿ. ಇಳಿಸಿದ ತೂಕದ ಲೆಕ್ಕವಾದರೆ 6,720. ಒಳ್ಳೆಯ ಮಾಲಿಗೆ ಮಾತ್ರ ಎಂದರೆ 6,048. ಒಂದೇ ಲಾರಿ, ಒಂದೇ ದಾರಿ, ಉತ್ತರ ಮೂರು. ಕಿಲೋಗೆ 20 ರೂಪಾಯಿ ಸಿಕ್ಕ ದಿನ ಈ ವ್ಯತ್ಯಾಸವನ್ನು ಯಾರೂ ಗಮನಿಸುವುದಿಲ್ಲ. ಒಂದೂವರೆ ರೂಪಾಯಿಗೆ ಇಳಿದ ದಿನ ಮಾರಾಟದಿಂದ ಬರುವುದೇ 6,480 ರೂಪಾಯಿ. ಚೀಲದ ಲೆಕ್ಕದ ಬಾಡಿಗೆ ಕೊಡಲು 520 ರೂಪಾಯಿ ಕೈಯಿಂದ ಹಾಕಬೇಕು. ಹಮಾಲಿ ಬೇರೆ. ಬೆಳೆದದ್ದನ್ನೆಲ್ಲ ಮಾರಿ ಮೇಲೆ ಸಾಲ ಮಾಡಿಕೊಂಡು ಬರುವುದು ಎಂದರೆ ಇದೇ.

ಸಮುದ್ರದ ಕಡೆ ನೋಡಿದರೆ

ಹದಿನಾರನೆಯ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲೆಂಡಿನ ಹಡಗುಗಳು ಮೆಡಿಟರೇನಿಯನ್ ಸಮುದ್ರಕ್ಕೆ ಹೆಚ್ಚು ಹೆಚ್ಚಾಗಿ ಬರತೊಡಗಿದವು. ತುರ್ಕಿ ಸಾಮ್ರಾಜ್ಯದ ಜೊತೆ ವ್ಯಾಪಾರ ಮಾಡಲು 1581ರಲ್ಲಿ ಒಂದು ಕಂಪನಿಗೆ ಎಲಿಜಬೆತ್ ರಾಣಿ ಸನ್ನದು ಕೊಟ್ಟಳು. ಅದು ವೆನಿಸ್ ವ್ಯಾಪಾರದ ಕಂಪನಿಯೊಡನೆ ಸೇರಿ 1592ರಲ್ಲಿ ಲೆವಾಂಟ್ ಕಂಪನಿ ಆಯಿತು. ಇಟಲಿಯ ಲಿವೊರ್ನೊ ಬಂದರಿನಲ್ಲಿ ಅಲ್ಲಿನ ದೊರೆ 1591 ಮತ್ತು 1593ರಲ್ಲಿ ಪರದೇಶದ ವರ್ತಕರಿಗೆ ವಿಶೇಷ ಸವಲತ್ತುಗಳನ್ನು ಕೊಟ್ಟದ್ದರಿಂದ ಆ ಬಂದರು ಬಲು ಬೇಗ ಬೆಳೆಯಿತು. ಉಣ್ಣೆ ಬಟ್ಟೆ, ತವರ, ಉಪ್ಪು ಹಚ್ಚಿದ ಮೀನು ಇಳಿಸಿ ಇಂಗ್ಲಿಷ್ ಹಡಗುಗಳು ಜಾಂಟೆ, ಸೆಫಲೋನಿಯಾ ದ್ವೀಪಗಳ ಸಣ್ಣ ಒಣದ್ರಾಕ್ಷಿಯನ್ನೂ ಎಣ್ಣೆಯನ್ನೂ ರೇಷ್ಮೆಯನ್ನೂ ತುಂಬಿಕೊಂಡು ಮರಳುತ್ತಿದ್ದವು.

ಸ್ವಂತ ಸರಕು ಸಾಗಿಸುವುದಲ್ಲದೆ ಬೇರೆಯವರ ಸರಕನ್ನು ಬಾಡಿಗೆಗೆ ಹೊರುವುದೂ ಇವುಗಳ ಕಸುಬಾಗಿತ್ತು. ಬಾಡಿಗೆ ಬಂದಲ್ಲಿ ಬಾಡಿಗೆಯ ತಕರಾರೂ ಬಂತು. ಸರಕು ಕಡಿಮೆ ಇಳಿಯಿತು, ಒದ್ದೆಯಾಯಿತು, ತಡವಾಯಿತು, ಹೇಳಿದ ಬಂದರು ಬಿಟ್ಟು ಬೇರೆ ಬಂದರಿಗೆ ಹೋಯಿತು, ತುಂಬುತ್ತೇನೆಂದ ವರ್ತಕ ಅರ್ಧ ಹಡಗು ಖಾಲಿ ಬಿಟ್ಟ: ತಕರಾರಿನ ಬಗೆಗಳು ಇವೇ. ಲಾರಿ ಅಡ್ಡೆಯಲ್ಲಿ ಇಂದು ಕೇಳುವುದಕ್ಕೂ ಇವಕ್ಕೂ ಹೆಚ್ಚಿನ ವ್ಯತ್ಯಾಸವಿಲ್ಲ.

ಹಡಗಿನ ಬಾಡಿಗೆ ಕರಾರಿಗೆ ಇಂಗ್ಲಿಷಿನಲ್ಲಿ 'ಚಾರ್ಟರ್ ಪಾರ್ಟಿ' ಎನ್ನುತ್ತಾರೆ. ಈ ಹೆಸರಿನಲ್ಲಿರುವ ಪಾರ್ಟಿ ಔತಣವೂ ಅಲ್ಲ, ಪಕ್ಷವೂ ಅಲ್ಲ. 'ಕಾರ್ತಾ ಪಾರ್ತಿತಾ' ಎಂಬ ಹಳೆಯ ಮಾತಿಗೆ 'ಎರಡಾಗಿಸಿದ ಕಾಗದ' ಎಂದರ್ಥ. ಒಂದೇ ಹಾಳೆಯಲ್ಲಿ ಕರಾರನ್ನು ಎರಡು ಸಲ ಬರೆದು ನಡುವೆ ಕತ್ತರಿಸಿ ಇಬ್ಬರೂ ಒಂದೊಂದು ತುಂಡು ಇಟ್ಟುಕೊಳ್ಳುತ್ತಿದ್ದರು. ಜಗಳ ಬಂದಾಗ ಎರಡು ತುಂಡುಗಳ ಅಂಚು ಕೂಡಬೇಕು. ಕೂಡದಿದ್ದರೆ ಒಂದು ಖೋಟಾ. ಇಂದು ಸಾರಿಗೆ ಕಚೇರಿಯವರು ಕಾರ್ಬನ್ ಹಾಕಿ ಬರೆದುಕೊಡುವ ಎಲ್.ಆರ್. ಚೀಟಿಯ ಹಿಂದೆ ಇರುವುದೂ ಇದೇ ಬುದ್ಧಿ.

ಬಾಡಿಗೆಯನ್ನು ಗೊತ್ತು ಮಾಡುವ ಕ್ರಮದಲ್ಲೇ ಜಗಳದ ಬೀಜ ಅಡಗಿರುತ್ತದೆ. ತಿಂಗಳಿಗೆ ಇಷ್ಟೆಂದು ಹಡಗು ಹಿಡಿದರೆ ಕಪ್ತಾನನಿಗೆ ಅವಸರವಿಲ್ಲ. ತಡವಾದ ಪ್ರತಿ ದಿನದ ನಷ್ಟ ವರ್ತಕನದು. ಟನ್ನಿಗೆ ಇಷ್ಟೆಂದು ಹಿಡಿದರೆ ಕಪ್ತಾನನಿಗೆ ಅವಸರ. ವರ್ತಕ ಸರಕು ತರಲು ತಡ ಮಾಡಿದರೆ ನಷ್ಟ ಹಡಗಿನದು. ಆದ್ದರಿಂದಲೇ ತುಂಬಲು ಇಷ್ಟು ದಿನ, ಇಳಿಸಲು ಇಷ್ಟು ದಿನ, ಮೀರಿದರೆ ದಿನಕ್ಕೆ ಇಷ್ಟು ದಂಡ ಎಂಬ ಷರತ್ತು ಬಂತು. ರೈಲ್ವೆ ಗೂಡ್ಸ್ ಶೆಡ್ಡಿನಲ್ಲಿ ಅದು ಡೆಮರೇಜು. ಲಾರಿಯವರ ಬಾಯಲ್ಲಿ ಅದು ಹಾಲ್ಟಿಂಗ್ ಚಾರ್ಜು.

ಟನ್ ಎಂಬ ಮಾತಿನ ಮೂಲವೂ ಹಡಗೇ. 252 ಗ್ಯಾಲನ್ ದ್ರಾಕ್ಷಾರಸ ಹಿಡಿಯುವ ದೊಡ್ಡ ಪೀಪಾಯಿಗೆ ಆ ಹೆಸರಿತ್ತು. ಹಡಗಿನಲ್ಲಿ ಎಷ್ಟು ಪೀಪಾಯಿ ಹಿಡಿಯುತ್ತವೆ ಎಂಬುದೇ ಅದರ ಅಳತೆ. ಆದರೆ ಎಲ್ಲ ಸರಕೂ ದ್ರಾಕ್ಷಾರಸದಷ್ಟು ಭಾರವಿಲ್ಲ. ಹೊಸದುರ್ಗದ ತೆಂಗಿನ ನಾರನ್ನು ಲಾರಿಗೆ ತುಂಬಿದರೆ ತೂಕ ಬರುವ ಮೊದಲೇ ಜಾಗ ಮುಗಿಯುತ್ತದೆ. ಅದಿರು ತುಂಬಿದರೆ ತೊಟ್ಟಿಯ ತಳ ಮುಚ್ಚುವಷ್ಟರಲ್ಲಿ ತೂಕ ಮುಗಿಯುತ್ತದೆ. ಸಾಂದ್ರತೆ ಎಂಬ ಪಾಠ ಇಲ್ಲಿ ನೇರವಾಗಿ ಹಣವಾಗುತ್ತದೆ. ಹಗುರ ಸರಕಿಗೆ ಗಾತ್ರದ ಲೆಕ್ಕ, ಭಾರದ ಸರಕಿಗೆ ತೂಕದ ಲೆಕ್ಕ ಎಂಬ ಪದ್ಧತಿ ಹೀಗೆ ಹುಟ್ಟಿತು.

ಬೆಕ್ಕು, ಮೀನು ಮತ್ತು ಕಲ್ಲಿದ್ದಲು

ಇಂಥ ತಕರಾರು ತೀರಿಸಲು ಮೆಡಿಟರೇನಿಯನ್ ಬಂದರುಗಳಲ್ಲಿ ಬಹಳ ಹಿಂದಿನಿಂದಲೂ ಬಂದ ಸಮುದ್ರ ಪದ್ಧತಿಗಳಿದ್ದವು. ಅವುಗಳ ಒಂದು ಸಂಗ್ರಹ 15ನೆಯ ಶತಮಾನದ ಕೊನೆಯಲ್ಲಿ ಬಾರ್ಸಿಲೋನಾದಲ್ಲಿ ಅಚ್ಚಾಯಿತು. ಅದರಲ್ಲಿ ಒಂದು ನಿಯಮ ಬಲು ಸ್ವಾರಸ್ಯವಾಗಿದೆ. ಹಡಗಿನಲ್ಲಿ ಬೆಕ್ಕಿಲ್ಲದೆ ಇಲಿಗಳು ಸರಕನ್ನು ಕೆಡಿಸಿದರೆ ನಷ್ಟವನ್ನು ಹಡಗಿನ ಯಜಮಾನ ಕೊಡಬೇಕು. ಹೊರಡುವಾಗ ಬೆಕ್ಕಿದ್ದು ದಾರಿಯಲ್ಲಿ ಸತ್ತರೆ, ಬೆಕ್ಕು ಸಿಗುವ ಮೊದಲ ಊರಿನಲ್ಲೇ ಬೇರೆ ಬೆಕ್ಕು ಕೊಂಡು ಹಾಕಿಕೊಂಡಿದ್ದರೆ ಅವನ ಮೇಲೆ ತಪ್ಪಿಲ್ಲ. ನಗು ಬಂದರೂ ಇದರಲ್ಲಿ ದೊಡ್ಡ ವಿವೇಕವಿದೆ. ಸರಕು ಕೆಟ್ಟಿತೇ ಎಂಬುದೊಂದು ಪ್ರಶ್ನೆ. ಸಾಗಿಸುವವನು ತಾನು ಮಾಡಬೇಕಾದ ಜಾಗ್ರತೆ ಮಾಡಿದನೇ ಎಂಬುದು ಇನ್ನೊಂದು. ಲಾರಿಗೆ ಬೆಕ್ಕು ಬೇಡ. ಹರಿಯದ ಟಾರ್ಪಾಲು ಬೇಕು.

ಇಂಗ್ಲಿಷ್ ನ್ಯಾಯಾಲಯಗಳು ಮುಂದೆ ಇದೇ ದಾರಿಯಲ್ಲಿ ನಡೆದವು. 1759ರಲ್ಲಿ ಲ್ಯೂಕ್ ಮತ್ತು ಲೈಡ್ ಎಂಬವರ ಮೊಕದ್ದಮೆ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಮುಂದೆ ಬಂತು. ನ್ಯೂಫೌಂಡ್‌ಲ್ಯಾಂಡಿನಿಂದ ಲಿಸ್ಬನ್ನಿಗೆ ಮೀನು ಹೊತ್ತ ಹಡಗು 17 ದಿನ ಸಾಗಿತ್ತು, ಇನ್ನು 4 ದಿನದ ದಾರಿ ಉಳಿದಿತ್ತು. ಆಗ ಫ್ರೆಂಚರು ಅದನ್ನು ಹಿಡಿದರು. ಇಂಗ್ಲಿಷರ ಹಡಗೊಂದು ಅದನ್ನು ಬಿಡಿಸಿಕೊಂಡಿತು. ಬಿಡಿಸಿದ್ದಕ್ಕೆ ಅರ್ಧ ಸರಕು ಹೋಯಿತು. ಉಳಿದ ಅರ್ಧವನ್ನು ವರ್ತಕ ಪಡೆದುಕೊಂಡ. ಬಾಡಿಗೆ ಎಷ್ಟು? ನ್ಯಾಯಾಧೀಶರು ಗಣಿತ ಮಾಡಿದರು. ಉಳಿದದ್ದು ಅರ್ಧ ಸರಕು, ಆದ್ದರಿಂದ ಅರ್ಧ ಬಾಡಿಗೆ. ಸಾಗಿದ್ದು 21 ದಿನದಲ್ಲಿ 17 ದಿನ, ಆದ್ದರಿಂದ ಅದರ 21ರಲ್ಲಿ 17 ಪಾಲು. ಒಟ್ಟಿನಲ್ಲಿ ಪೂರ್ಣ ಬಾಡಿಗೆಯ 42ರಲ್ಲಿ 17 ಪಾಲು. ಭಿನ್ನರಾಶಿ ಯಾವ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗಲಾರದು. ದಾರಿಯ ನಡುವೆ ಸರಕನ್ನು ವರ್ತಕ ತಾನಾಗಿ ಒಪ್ಪಿಕೊಂಡಾಗ ಮಾತ್ರ ಈ ಪಾಲು ಲೆಕ್ಕ ಎಂದು ಮುಂದಿನ ತೀರ್ಪುಗಳು ಸ್ಪಷ್ಟಪಡಿಸಿದವು.

1864ರ ಡೇಕಿನ್ ಮತ್ತು ಆಕ್ಸ್‌ಲಿ ಮೊಕದ್ದಮೆ ನಮ್ಮ ಈರುಳ್ಳಿಗೆ ಇನ್ನೂ ಹತ್ತಿರದ್ದು. ವೇಲ್ಸಿನ ನ್ಯೂಪೋರ್ಟ್‌ನಿಂದ ಬಹಾಮಾ ದ್ವೀಪಗಳ ನಸ್ಸಾವಿಗೆ ಹೋದ ಕಲ್ಲಿದ್ದಲು ದಾರಿಯಲ್ಲಿ ಕೆಟ್ಟು, ಅದರ ಬೆಲೆ ಬಾಡಿಗೆಗಿಂತಲೂ ಕಡಿಮೆಯಾಯಿತು. "ಕಲ್ಲಿದ್ದಲು ನೀವೇ ಇಟ್ಟುಕೊಳ್ಳಿ, ಬಾಡಿಗೆ ಕೊಡುವುದಿಲ್ಲ" ಎಂಬುದು ವರ್ತಕನ ವಾದ. ನ್ಯಾಯಾಲಯ ಒಪ್ಪಲಿಲ್ಲ. ಹೊತ್ತದ್ದು ಕಲ್ಲಿದ್ದಲು, ಇಳಿಸಿದ್ದೂ ಕಲ್ಲಿದ್ದಲೇ. ಆದ್ದರಿಂದ ಬಾಡಿಗೆ ಸಲ್ಲಬೇಕು. ಹಡಗಿನವರ ಅಜಾಗ್ರತೆಯಿಂದ ಕೆಟ್ಟಿದ್ದರೆ ಆ ನಷ್ಟಕ್ಕೆ ಪ್ರತ್ಯೇಕ ದಾವೆ ಹೂಡಬೇಕು. ಸರಕು ಪೂರ್ತಿ ಮುಳುಗಿ ಹೋಗಿದ್ದರೆ ಮಾತ್ರ ಬಾಡಿಗೆಯ ಮಾತೇ ಇಲ್ಲ.

ಇದು ರೈತನಿಗೆ ಕಹಿಯಾದ ಉತ್ತರ. ಬಾಡಿಗೆ ಎಂಬುದು ಸರಕಿನ ಬೆಲೆಯಲ್ಲಿ ಪಾಲಲ್ಲ, ಸಾಗಿಸಿದ ಕೆಲಸಕ್ಕೆ ಕೂಲಿ. ಬೆಲೆ ಏರಿದ ದಿನ ಲಾರಿಯವನು ಹೆಚ್ಚು ಕೇಳಲಾರ. ಬಿದ್ದ ದಿನ ಕಡಿಮೆ ಪಡೆಯಬೇಕೆಂದೂ ಇಲ್ಲ. ಈ ತತ್ತ್ವದ ಪ್ರಕಾರ ತೂಕದ ಮೇಲೆ ಬಾಡಿಗೆ ಮಾತಾಗಿದ್ದರೂ ಕೊಳೆತ 10 ಚೀಲಗಳನ್ನು ಲೆಕ್ಕದಿಂದ ಬಿಡುವಂತಿಲ್ಲ.

ಈ ವ್ಯವಸ್ಥೆಯಲ್ಲಿ ತೀರ ಕೆಳಗಿದ್ದವನು ನಾವಿಕ. ಬಾಡಿಗೆಯೇ ಸಂಬಳದ ತಾಯಿ ಎಂಬುದು ಆ ಕಾಲದ ಇಂಗ್ಲಿಷ್ ಕಡಲ ನ್ಯಾಯದ ಗಾದೆ. ಹಡಗಿಗೆ ಬಾಡಿಗೆ ಹುಟ್ಟದಿದ್ದರೆ ತಿಂಗಳುಗಟ್ಟಲೆ ದುಡಿದ ನಾವಿಕನಿಗೂ ಸಂಬಳವಿಲ್ಲ. ಇಂಗ್ಲೆಂಡ್ ಈ ನಿಯಮವನ್ನು ತೆಗೆದದ್ದು 1854ರ ಕಾಯ್ದೆಯಲ್ಲಿ. ಡ್ರೈವರ್ ಭತ್ಯ, ಕ್ಲೀನರ್ ಕೂಲಿ ಬಾಡಿಗೆ ವಸೂಲಾದ ಮೇಲೆಯೇ ಎನ್ನುವ ಮಾಲೀಕರು ಈ ವರ್ಷವನ್ನು ನೆನಪಿಡಬೇಕು.

ನೀರಿಗೂ ಬಾಡಿಗೆ

ಕುಗ್ಗುವುದು ಈರುಳ್ಳಿ ಮಾತ್ರವಲ್ಲ. ಚಿತ್ರದುರ್ಗ, ಹೊಳಲ್ಕೆರೆ, ಹೊಸದುರ್ಗ ತಾಲ್ಲೂಕುಗಳ ಬೆಟ್ಟಸಾಲಿನಲ್ಲಿ ಕಬ್ಬಿಣದ ಮತ್ತು ಮ್ಯಾಂಗನೀಸ್ ಅದಿರು ಇದೆ. ಮಣ್ಣಿನಂತಿರುವ ಅದಿರಿನ ಪುಡಿ ಮಳೆಗಾಲದಲ್ಲಿ ನೀರು ಹೀರುತ್ತದೆ. ಕಬ್ಬಿಣದ ಅದಿರಿನ ಅಂತರರಾಷ್ಟ್ರೀಯ ವ್ಯಾಪಾರದಲ್ಲಿ ಬೆಲೆ ಕಟ್ಟುವುದು ಒಣ ತೂಕಕ್ಕೆ; ಹಡಗಿನ ಬಾಡಿಗೆ ಕಟ್ಟುವುದು ಇದ್ದ ಹಾಗೆ ತೂಗಿದ ಹಸಿ ತೂಕಕ್ಕೆ. 50,000 ಟನ್ ಅದಿರಿನಲ್ಲಿ ನೂರಕ್ಕೆ 8 ಪಾಲು ತೇವವಿದ್ದರೆ 4,000 ಟನ್ ನೀರು. ಕೊಳ್ಳುವವನು ಅದಕ್ಕೆ ಒಂದು ಪೈಸೆ ಕೊಡುವುದಿಲ್ಲ. ಹಡಗಿನವನು ಪೂರ್ತಿ ಬಾಡಿಗೆ ಕೇಳುತ್ತಾನೆ. ದಾರಿಯಲ್ಲಿ ನೀರು ಬಸಿದು ಪಂಪಿನ ಮೂಲಕ ಸಮುದ್ರ ಸೇರಿದರೆ ಇಳಿಸುವಾಗ ತೂಕ ಕಡಿಮೆ. ಹಡಗಿನವರು ಸರಕು ಕಳೆದರೋ, ನೀರು ಇಳಿಯಿತೋ?

ಇದಕ್ಕೆ ವಿರುದ್ಧವಾದದ್ದೂ ಉಂಟು. ಗಿಬ್ಸನ್ ಮತ್ತು ಸ್ಟರ್ಜ್ ಎಂಬವರ 1855ರ ಮೊಕದ್ದಮೆಯಲ್ಲಿ ಹಡಗಿನ ಗೋಧಿ ದಾರಿಯಲ್ಲಿ ಉಬ್ಬಿ ಅಳತೆ ಹೆಚ್ಚಾಗಿತ್ತು. ಹೆಚ್ಚಿದ ಅಳತೆಗೆ ಬಾಡಿಗೆ ಸಲ್ಲದು, ತುಂಬಿದಾಗಿನ ಅಳತೆಗೆ ಮಾತ್ರ ಎಂದು ತೀರ್ಪಾಯಿತು.

ಹಡಗನ್ನು ತೂಗುವ ತಕ್ಕಡಿ ಎಲ್ಲಿಂದ ಬರಬೇಕು? ಅದಕ್ಕೆ ಮೆಡಿಟರೇನಿಯನ್ ದ್ವೀಪದವನೇ ಆದ ಆರ್ಕಿಮಿಡೀಸ್ ಬರಬೇಕು. ತೇಲುವ ವಸ್ತು ತನ್ನ ತೂಕದಷ್ಟೇ ನೀರನ್ನು ಸರಿಸುತ್ತದೆ. ಹಡಗಿನ ಮೈಮೇಲೆ ಬರೆದ ಗುರುತುಗಳನ್ನು ತುಂಬುವ ಮೊದಲೂ ತುಂಬಿದ ಮೇಲೂ ಓದಿ, ನೀರಿನ ಸಾಂದ್ರತೆ ಅಳೆದು, ಸರಕಿನ ತೂಕವನ್ನು ಲೆಕ್ಕ ಹಾಕುತ್ತಾರೆ. ಅಲೆಯಿದ್ದರೆ ಓದುವುದರಲ್ಲಿ ತಪ್ಪಾಗುತ್ತದೆ. ನೂರಕ್ಕೆ ಅರ್ಧ ಪಾಲು ತಪ್ಪಾದರೂ 50,000 ಟನ್ನಿನಲ್ಲಿ 250 ಟನ್. ಅನೇಕ ಲಾರಿಗಳ ಲೋಡು ಒಂದು ಓದಿನ ತಪ್ಪಿನಲ್ಲಿ ಮಾಯವಾಗಬಹುದು.

ತೇವದ ಲೆಕ್ಕ ಹಣದ ಲೆಕ್ಕ ಮಾತ್ರವೂ ಅಲ್ಲ. ಮಿತಿಮೀರಿ ತೇವವಿರುವ ಅದಿರಿನ ಪುಡಿ ಅಲೆಯ ಕುಲುಕಾಟಕ್ಕೆ ಕೆಸರಿನಂತೆ ಹರಿಯತೊಡಗುತ್ತದೆ. ಒಂದು ಬದಿಗೆ ಸರಿದರೆ ಹಡಗು ವಾಲುತ್ತದೆ. 2009ರ ಜುಲೈನಲ್ಲಿ ನವಮಂಗಳೂರು ಬಂದರಿನಿಂದ ಕಬ್ಬಿಣದ ಅದಿರು ಹೊತ್ತು ಹೊರಟ 'ಏಷಿಯನ್ ಫಾರೆಸ್ಟ್' ಎಂಬ ಹಡಗು ಮಂಗಳೂರಿನ ಬಳಿಯೇ ವಾಲಿ ಮುಳುಗಿತು. ಅದರಲ್ಲಿದ್ದ 18 ಜನರೂ ಬದುಕಿದರು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಒಡಿಶಾದ ಪಾರಾದೀಪ್ ಬಳಿ ಅದಿರು ತುಂಬಿದ್ದ 'ಬ್ಲ್ಯಾಕ್ ರೋಸ್' ಮುಳುಗಿದಾಗ ಒಬ್ಬರು ಪ್ರಾಣ ಕಳೆದುಕೊಂಡರು. ಅದಿರಿನಂಥ ಸರಕಿನ ತೇವವನ್ನು ಪರೀಕ್ಷಿಸಿ ಬರೆದುಕೊಡಬೇಕೆಂಬ ಅಂತರರಾಷ್ಟ್ರೀಯ ನಿಯಮಾವಳಿ 2011ರ ಜನವರಿ 1ರಿಂದ ಕಡ್ಡಾಯವಾಯಿತು. ಬಂದರಿನಲ್ಲಿ "ಈ ಅದಿರು ಒದ್ದೆ, ತುಂಬುವುದಿಲ್ಲ" ಎಂದು ಕಪ್ತಾನ ಹಟ ಹಿಡಿದರೆ ಡೆಮರೇಜು ಏರುತ್ತದೆ, ವರ್ತಕ ಕೂಗಾಡುತ್ತಾನೆ. ಆದರೆ ಆ ಹಟದ ಹಿಂದೆ ನಾವಿಕರ ಪ್ರಾಣವಿದೆ.

ಕರ್ನಾಟಕ ಸರ್ಕಾರ 2010ರಲ್ಲಿ ಅದಿರಿನ ರಫ್ತು ನಿಲ್ಲಿಸಿತು. 2011ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟ್ ಚಿತ್ರದುರ್ಗ ಮತ್ತು ತುಮಕೂರು ಜಿಲ್ಲೆಗಳ ಗಣಿಗಾರಿಕೆಯನ್ನೇ ತಡೆಯಿತು. 2013ರಲ್ಲಿ ನಿಬಂಧನೆಗಳೊಡನೆ ಗಣಿಗಳಿಗೂ, 2022ರಲ್ಲಿ ರಫ್ತಿಗೂ ಅದು ಅನುಮತಿ ಕೊಟ್ಟಿತು. ರಫ್ತಿರಲಿ, ಒಳನಾಡಿನ ಕಾರ್ಖಾನೆಯಿರಲಿ, ಅದಿರಿನ ತೇವದ ಪ್ರಶ್ನೆ ಲಾರಿ ಹತ್ತಿದ ಕ್ಷಣದಿಂದಲೇ ಜೊತೆಗಿರುತ್ತದೆ.

ನಮ್ಮ ಕಾಯ್ದೆ ಏನು ಹೇಳುತ್ತದೆ?

ರಸ್ತೆಯಲ್ಲಿ ಸರಕು ಸಾಗಿಸುವವರಿಗೆ 1865ರಷ್ಟು ಹಳೆಯ ಕಾಯ್ದೆಯೊಂದು ಬಹುಕಾಲ ನಡೆಯಿತು. ಅದರ ಬದಲು ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರ ಮಾರ್ಚ್ 1ರಿಂದ ಜಾರಿಯಲ್ಲಿದೆ. ಸಾರ್ವಜನಿಕರ ಸರಕನ್ನು ಬಾಡಿಗೆಗೆ ಸಾಗಿಸುವ ಸಾರಿಗೆ ಸಂಸ್ಥೆಗಳು ನೋಂದಣಿ ಮಾಡಿಸಬೇಕು, ಸರಕು ಪಡೆದದ್ದಕ್ಕೆ ರಸೀದಿ ಕೊಡಬೇಕು. ಸರಕು ಕಳೆದರೆ ಅಥವಾ ಕೆಟ್ಟರೆ ಸಂಸ್ಥೆಯ ಹೊಣೆ ಸಾಮಾನ್ಯವಾಗಿ ಬಾಡಿಗೆಯ 10 ಪಟ್ಟಿಗೆ ಸೀಮಿತ. ಹೆಚ್ಚಿನ ಹೊಣೆ ಬೇಕಾದರೆ ಕಳಿಸುವವರು ಮೊದಲೇ ಒಪ್ಪಂದ ಮಾಡಿಕೊಂಡು ಅದರ ದರ ಕೊಡಬೇಕು. ದಾವೆ ಹೂಡುವ ಮುನ್ನ, ಸರಕು ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟಿಸ್ ಕೊಟ್ಟಿರಬೇಕು. ಸಮುದ್ರ ಸಾಗಣೆಯ ಬಗ್ಗೆ ಇದ್ದ 1856 ಮತ್ತು 1925ರ ಕಾಯ್ದೆಗಳ ಬದಲು 2025ರಲ್ಲಿ ಸಂಸತ್ತು ಹೊಸ ಕಾಯ್ದೆಗಳನ್ನು ಮಾಡಿದೆ.

ಆದರೆ ಯಾವ ಕಾಯ್ದೆಯೂ ಇಲ್ಲದ ಕಾಗದವನ್ನು ಓದಲಾರದು. ಹೊಲದ ಬದಿಯಲ್ಲಿ ಬಾಯಿ ಮಾತಿನಲ್ಲಿ ಹಿಡಿದ ಲಾರಿಗೆ ರಸೀದಿಯೂ ಇಲ್ಲ, ತೂಕದ ಚೀಟಿಯೂ ಇಲ್ಲ. ಜಗಳ ಬಂದಾಗ ಗಂಟಲು ದೊಡ್ಡದಿದ್ದವನು ಗೆಲ್ಲುತ್ತಾನೆ; ಬಹಳ ಸಲ ಮಂಡಿಯವರೇ ಬಾಡಿಗೆ ಕೊಟ್ಟು ರೈತನ ಪಟ್ಟಿಯಲ್ಲಿ ಮುರಿದುಕೊಳ್ಳುವುದರಿಂದ ಜಗಳಕ್ಕೆ ಎಡೆಯೂ ಸಿಗುವುದಿಲ್ಲ.

ಆದ್ದರಿಂದ ಮನೆಯಲ್ಲಿ ಓದುವ ಮಕ್ಕಳಿಗೆ ಒಂದು ಕೆಲಸವಿದೆ. ಲಾರಿ ಹೊರಡುವ ಮುನ್ನ ಒಂದು ಹಾಳೆಯಲ್ಲಿ ಆರು ಸಂಗತಿಗಳನ್ನು ಬರೆಯಬೇಕು: ಬಾಡಿಗೆ ಚೀಲಕ್ಕೋ, ತೂಕಕ್ಕೋ, ಟ್ರಿಪ್ಪಿಗೋ; ತೂಕಕ್ಕಾದರೆ ತುಂಬಿದ ತೂಕವೋ ಇಳಿಸಿದ ತೂಕವೋ; ಹೊರಟ ದಿನ ಮತ್ತು ಹೊತ್ತು; ಎಷ್ಟು ಹೊತ್ತು ಕಾಯುವುದು ಉಚಿತ, ಆಮೇಲೆ ಹಾಲ್ಟಿಂಗ್ ಎಷ್ಟು; ಟಾರ್ಪಾಲು ಯಾರದು; ಹಮಾಲಿ ಯಾರದು. ಇದರ ಎರಡು ಪ್ರತಿ ಮಾಡಿ ಇಬ್ಬರೂ ರುಜು ಹಾಕಬೇಕು. ದಾರಿಯಲ್ಲಿ ಸಿಗುವ ವೇಬ್ರಿಡ್ಜಿನಲ್ಲಿ ತೂಗಿಸಿ ಚೀಟಿ ಪಡೆಯಬೇಕು, ಇಳಿಸುವಲ್ಲಿ ಇನ್ನೊಂದು ಚೀಟಿ.

ಶಾಲೆಯ ಪ್ರಯೋಗಾಲಯದಲ್ಲೂ ಇದರ ಪಾಠ ಮಾಡಬಹುದು. 100 ಗ್ರಾಂ ಒದ್ದೆ ಮಣ್ಣನ್ನು ತೂಗಿ, 105 ಡಿಗ್ರಿ ಸೆಲ್ಸಿಯಸ್ ಶಾಖದ ಒಲೆಯಲ್ಲಿ ತೂಕ ಇಳಿಯುವುದು ನಿಲ್ಲುವವರೆಗೆ ಒಣಗಿಸಿ, ಮತ್ತೆ ತೂಗಿದರೆ ತೇವ ಎಷ್ಟಿತ್ತೆಂದು ತಿಳಿಯುತ್ತದೆ. ಅದಿರಿನ ತೇವ ಅಳೆಯುವುದೂ ಇದೇ ಕ್ರಮದಲ್ಲಿ. ಅದೇ ವಾರ ಒಂದು ಈರುಳ್ಳಿಯನ್ನು ನೆರಳಿನಲ್ಲಿಟ್ಟು ದಿನವೂ ತೂಗಿ ನಕ್ಷೆ ಬರೆದರೆ, ಹೊಲದಲ್ಲಿ ಎಷ್ಟು ದಿನ ಒಣಗಿಸಿ ಚೀಲ ಕಟ್ಟಬೇಕೆಂಬುದಕ್ಕೆ ಅಪ್ಪನಿಗೆ ಹೇಳಲು ಮಗಳ ಬಳಿ ಒಂದು ಮಾತಿರುತ್ತದೆ. ಚೀಲ ಕಟ್ಟುವ ಮೊದಲೇ ಇಳಿಯಬೇಕಾದ ನೀರು ಇಳಿದಿದ್ದರೆ, ತೂಕದ ಬಾಡಿಗೆಯಲ್ಲಿ ಆ ನೀರಿಗೆ ದುಡ್ಡು ಕೊಡುವುದು ತಪ್ಪುತ್ತದೆ. ತಳ ಒದ್ದೆಯಾಗುವ ಚೀಲಗಳೂ ಕಡಿಮೆಯಾಗುತ್ತವೆ.